‘ಆರು ದಿನವನ್ನು ಅಕ್ಷರಶಃ ನಂಬ್ತೀರಾ?’ ಅಂತ ಕೇಳುವವರಿಗೆ

ಕೇಳುವವರಲ್ಲಿ ಎರಡು ಥರ. ಸ್ಟಾಫ್ ರೂಮಿನವರು ಹೀಗೆ ಕೇಳುತ್ತಾರೆ: “ಮೇಡಂ, ನೀವು ಕ್ರಿಶ್ಚಿಯನ್ನು, ಪಾಠ ಮಾಡೋದು ವಿಜ್ಞಾನ. ಪ್ರಪಂಚ ಆರು ದಿನದಲ್ಲಿ ಆಯ್ತು ಅಂತ ಬೈಬಲ್‌ನಲ್ಲಿದೆಯಲ್ಲ, ಅದನ್ನ ಅಕ್ಷರಶಃ ನಂಬ್ತೀರಾ?” ಪ್ರಾರ್ಥನಾ ಕೂಟದವರು ಹೀಗೆ ಕೇಳುತ್ತಾರೆ: “ಟೀಚರಮ್ಮಾ, ಸೈನ್ಸ್ ಓದಿಕೊಂಡವರು ನೀವು. ಆರು ದಿನವನ್ನ ಅಕ್ಷರಶಃ ನಂಬ್ತೀರಿ ತಾನೇ?” ಮೊದಲನೆಯವರಿಗೆ ಹೌದು ಅಂದರೆ ನಾನು ದಡ್ಡಿ. ಎರಡನೆಯವರಿಗೆ ಇಲ್ಲ ಅಂದರೆ ದಾರಿ ತಪ್ಪಿದವಳು. ಬಂಗಾರಪೇಟೆಯಲ್ಲಿ ಮೇಷ್ಟ್ರಗಿರಿ ಶುರುಮಾಡಿದಾಗಿನಿಂದ ಇದೇ ನಡೆದಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆರು ದಿನ ಅಂದರೆ 144 ಗಂಟೆ ಅಂತ ನಾನು ನಂಬುವುದಿಲ್ಲ. ಆದರೆ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಅದು ಬರುವ ಆ ಅಧ್ಯಾಯವನ್ನು ಪೂರ್ತಿ ನಂಬುತ್ತೇನೆ. ‘ಅದು ಹೇಗೆ?’ ಅಂತ ಕೇಳಿ, ಉತ್ತರ ಬರುವ ಮೊದಲೇ ನಗುವವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಸಿಟ್ಟು ಬರುವುದು ‘ಅಕ್ಷರಶಃ’ ಅನ್ನುವ ಆ ಪದದ ಮೇಲೆ. ನಮ್ಮಜ್ಜಿಗೆ ಒಂದು ಲೋಟ ನೀರು ಕೊಟ್ಟರೂ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅನ್ನುತ್ತಿದ್ದಳು. ಅಜ್ಜಿ ಹೇಳಿದ್ದು ಸುಳ್ಳಾ? ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡರೆ ಅವಳ ಮಾತು ನಿಜವಾಗುತ್ತಾ? ಅವಳು ಏನು ಹೇಳಬೇಕು ಅಂತಿದ್ದಳೋ ಅದೇ ಆ ಮಾತಿನ ನೇರ ಅರ್ಥ. ಇದನ್ನೇ 13ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಹೇಳಿದ. ‘ದೇವರ ಭುಜ’ ಅಂತ ಬರೆದಿದ್ದರೆ ಅದರ ಅಕ್ಷರಾರ್ಥ ದೇವರಿಗೆ ತೋಳಿದೆ ಅಂತಲ್ಲ, ಕೆಲಸ ಮಾಡುವ ಶಕ್ತಿ ಇದೆ ಅಂತ.

ಹಳೆ ಒಡಂಬಡಿಕೆ, ಅಂದರೆ ಬೈಬಲ್‌ನಲ್ಲಿ ಯೇಸುವಿಗಿಂತ ಮುಂಚಿನ ಭಾಗ, ಬರೆದಿರುವ ಹೀಬ್ರೂ ಭಾಷೆಯಲ್ಲಿ ಮೂಗಿಗೂ ಸಿಟ್ಟಿಗೂ ಒಂದೇ ಪದ. ಸಿಟ್ಟು ಬಂತು ಅನ್ನಲು ‘ಮೂಗು ಉರಿಯಿತು’ ಅಂತಾರೆ. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ತನ್ನ ಬಗ್ಗೆ ಹೇಳಿಕೊಳ್ಳುವ ಒಂದು ಮಾತನ್ನು ಒಂದೊಂದೇ ಪದ ಹಿಡಿದು ಕನ್ನಡಕ್ಕೆ ತಂದರೆ ‘ಉದ್ದ ಮೂಗಿನವನು’ ಅಂತಾಗುತ್ತದೆ. ಸಿಟ್ಟು ತುದಿಗೆ ಬರಲು ಹೊತ್ತು ಹಿಡಿಯುತ್ತದೆ ಅಂತ ಅರ್ಥ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್‌ನಲ್ಲಿ, ಅಲ್ಲಿ ‘ದೀರ್ಘಶಾಂತನು’ ಅಂತಿದೆ. ಎಷ್ಟು ಚಂದದ ಪದ! ಆ ಮೂಗನ್ನು ಬಿಟ್ಟು ಅರ್ಥ ಹಿಡಿದವರಿಗೆ ಕೈ ಮುಗಿಯಬೇಕು. ಕೂಟದಲ್ಲಿ ಸತ್ಯವೇದವನ್ನು ಎತ್ತಿ ಹಿಡಿದು ‘ಇದರಲ್ಲಿ ಇರೋದು ಇರೋ ಹಾಗೇ’ ಅನ್ನುವವರು ಯಾರೂ ದೇವರಿಗೆ ಉದ್ದ ಮೂಗಿದೆ ಅಂದದ್ದನ್ನು ನಾನು ಕೇಳಿಲ್ಲ.

ಯೇಸುವಿನ ಜೊತೆಗಿದ್ದವರಿಗೂ ಇದೇ ತೊಂದರೆ ಆಗಿತ್ತು. ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯೇಸು ‘ಫರಿಸಾಯರ ಹುಳಿಹಿಟ್ಟಿನ ಬಗ್ಗೆ ಎಚ್ಚರಿಕೆ’ ಅಂತಾನೆ. ಫರಿಸಾಯರು ಅಂದರೆ ಯೆಹೂದ್ಯರ ಒಂದು ಧಾರ್ಮಿಕ ಪಂಗಡದವರು. ಶಿಷ್ಯರು ‘ಅಯ್ಯೋ, ರೊಟ್ಟಿ ತರೋದು ಮರೆತೆವಲ್ಲ, ಅದಕ್ಕೇ ಹೀಗಂತಿದಾನೆ’ ಅಂತ ಗುಸುಗುಸು ಶುರುಮಾಡುತ್ತಾರೆ. ರಾತ್ರಿ ಹಿಟ್ಟು ರುಬ್ಬಿಟ್ಟ ಯಾವ ಮನೆಯವರಿಗಾದರೂ ಅವನ ಮಾತು ಗೊತ್ತಾಗುತ್ತಿತ್ತು. ಒಂದು ಸೌಟು ಹಳೆ ಹಿಟ್ಟು ಇಡೀ ಪಾತ್ರೆಯನ್ನು ಹುಳಿ ಮಾಡುತ್ತದೆ. ಫರಿಸಾಯರ ಬೋಧನೆಯೂ ಹಾಗೇ ಹರಡುತ್ತದೆ ಅಂತ ಹೇಳುತ್ತಿದ್ದ.

‘ಹಾಗಾದರೆ ನಿಮಗೆ ಕಷ್ಟವಾದದ್ದೆಲ್ಲ ಉಪಮೆ, ಅಲ್ವಾ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಅಲ್ಲ. ಯೇಸು ಸತ್ತು ಎದ್ದದ್ದು ನಿಜವಾಗಿ ನಡೆದದ್ದು ಅಂತಲೇ ನಾನು ನಂಬುವುದು. ಅದು ನಡೆಯದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಯೇಸುವಿನ ಅಪೊಸ್ತಲ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ. ಆತ ಅದನ್ನು ಸಾಕ್ಷಿಗಳ ಹೆಸರು ಹಿಡಿದು ಹೇಳುತ್ತಾನೆ. ಸುದ್ದಿ ಹೇಳುವವನ ಮಾತಿನ ಧಾಟಿಯೇ ಬೇರೆ. ಎಲ್ಲವನ್ನೂ ಸಂಕೇತ ಮಾಡಿಬಿಟ್ಟರೆ ಯಾರು ಏನು ಬೇಕಾದರೂ ಹೇಳಬಹುದು ಅಂತ ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಗುರುಗಳು 4ನೇ ಶತಮಾನದಲ್ಲೇ ತಕರಾರು ತೆಗೆದಿದ್ದರು. ಅದು ಸರಿಯಾದ ತಕರಾರು.

ಇನ್ನು ಆರು ದಿನ. ಸ್ಟಾಫ್ ರೂಮಿನವರು ಹೇಳುತ್ತಾರೆ, ‘ಡಾರ್ವಿನ್ ಬಂದ ಮೇಲೆ ನೀವು ಅರ್ಥ ಬದಲಾಯಿಸಿಕೊಂಡಿರಿ’ ಅಂತ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಅದಕ್ಕೆ 1600 ವರ್ಷ ಮೊದಲು, 3ನೇ ಶತಮಾನದಲ್ಲಿ, ಒರಿಜೆನ್ ಅನ್ನುವ ಕ್ರೈಸ್ತ ಪಂಡಿತ ಕೇಳಿದ: ಸೂರ್ಯನನ್ನು ಮಾಡಿದ್ದು ನಾಲ್ಕನೇ ದಿನ. ಹಾಗಿದ್ದ ಮೇಲೆ ಮೊದಲ ಮೂರು ದಿನಕ್ಕೆ ಸಾಯಂಕಾಲ, ಪ್ರಾತಃಕಾಲ ಎಲ್ಲಿಂದ ಬಂತು? ಬುದ್ಧಿ ಇರುವವನು ಇದನ್ನು ಹಾಗೇ ತಗೊಳ್ಳುತ್ತಾನಾ? 5ನೇ ಶತಮಾನದ ಶುರುವಿನಲ್ಲಿ ಬಿಷಪ್ ಆಗಸ್ಟೀನ್ ಆದಿಕಾಂಡದ ಅಕ್ಷರಾರ್ಥದ ಬಗ್ಗೆಯೇ ದೊಡ್ಡ ವ್ಯಾಖ್ಯಾನ ಬರೆದ. ಅದರಲ್ಲಿ ದೇವರು ಎಲ್ಲವನ್ನೂ ಒಟ್ಟಿಗೇ ಸೃಷ್ಟಿಸಿದ, ಈ ದಿನಗಳು ನಮ್ಮ ಸೂರ್ಯನ ದಿನಗಳಲ್ಲ ಅಂದ. ಆಕಾಶ, ನಕ್ಷತ್ರಗಳ ಬಗ್ಗೆ ಅರಿವಿಲ್ಲದೆ ಮಾತಾಡಿ, ಅದಕ್ಕೆ ಸತ್ಯವೇದದ ಹೆಸರು ಹೇಳುವ ಕ್ರೈಸ್ತರನ್ನು ಕಂಡರೆ ನಾಚಿಕೆಯಾಗುತ್ತದೆ ಅಂತಲೂ ಬರೆದ.

ಕ್ರಿಸ್ತಪೂರ್ವ 4004ರ ಅಕ್ಟೋಬರ್‌ನಲ್ಲಿ ಸೃಷ್ಟಿ ಆಯಿತು ಅಂತ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಲೆಕ್ಕ ಹಾಕಿದ್ದು ಇವರೆಲ್ಲರ ಎಷ್ಟೋ ಕಾಲದ ನಂತರ, 1650ರಲ್ಲಿ. ಕಲ್ಲು ಹೇಳುವ ಲೆಕ್ಕವೇ ಬೇರೆ. ನನ್ನ ಮೇಜಿನ ಮೇಲೆ ಒಂದು ಕಪ್ಪು ಹಸಿರು ಕಲ್ಲಿದೆ, ಅಪ್ಪ ಕೆಜಿಎಫ್ ಗಣಿಯಿಂದ ತಂದದ್ದು. ನಮ್ಮ ಕೋಲಾರದ ಈ ಚಿನ್ನದ ಪಟ್ಟಿಯ ಕಲ್ಲಿಗೆ ಸುಮಾರು 270 ಕೋಟಿ ವರ್ಷ. ನಮ್ಮ ಜಿಲ್ಲೆಯ ಪೆದ್ದಪಲ್ಲಿಯಲ್ಲಿ ದಿಂಬಿನ ಆಕಾರದ ಲಾವಾ ಕಲ್ಲುಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಲಾವಾ ನೀರಿನೊಳಗೆ ಉಕ್ಕಿ ತಣ್ಣಗಾದರೆ ಆ ಆಕಾರ ಬರುತ್ತದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಜಿಲ್ಲೆಯಲ್ಲಿ ನಿಂತು ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ದೇವರ ಕೆಲಸ ಇಷ್ಟು ಹಳೆಯದಾ ಅಂತ ಅನಿಸುತ್ತದೆಯೇ ಹೊರತು ನಂಬಿಕೆ ಕಮ್ಮಿ ಆಗಿಲ್ಲ.

ಅಪ್ಪನಿಗೆ ಒಮ್ಮೆ ಒರಿಜೆನ್‌ನ ಪ್ರಶ್ನೆ ಹೇಳಿದೆ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದವರು. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು, 2001ರಲ್ಲಿ ಮುಚ್ಚುವವರೆಗೂ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋಗಿ ಬಂದರು. ಕಿವಿಗೊಟ್ಟು ಕೇಳಿ ಅಪ್ಪ ಹೇಳಿದರು: “ಅಲ್ಲಮ್ಮಾ, ಕೆಳಗಡೆ ನಮಗೆ ಯಾವ ಸೂರ್ಯ ಇದ್ದ? ಆದರೂ ದಿನ ಆಗ್ತಿರಲಿಲ್ವಾ? ಗಣಿಯ ಲಿಫ್ಟು, ಆ ಕೇಜ್ ಇಳಿದರೆ ದಿನ ಶುರು, ಮೇಲೆ ಬಂದರೆ ಮುಗೀತು. ಅದು ಕೆಲಸದ ದಿನ. ಆರು ದಿನ ಕೆಲಸ, ಏಳನೇ ದಿನ ರಜ. ಅದನ್ನ ಬರೆದವನಿಗೆ ದುಡಿಯೋರ ಕಷ್ಟ ಗೊತ್ತಿತ್ತು.”

ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಆ ಅಧ್ಯಾಯ ಎತ್ತ ಹೋಗುತ್ತದೆ ಅಂತ ಅವರಿಗೆ ನೇರ ಕಂಡಿತ್ತು. ಅದು ಹೋಗಿ ನಿಲ್ಲುವುದು ಏಳನೇ ದಿನದಲ್ಲಿ. ವಿಮೋಚನಕಾಂಡದಲ್ಲಿ ಹತ್ತು ಆಜ್ಞೆ ಕೊಡುವಾಗ, ದೇವರೇ ಆರು ದಿನ ಮಾಡಿ ಏಳನೇ ದಿನ ಬಿಡುವು ತಗೊಂಡ, ನೀವೂ ತಗೊಳ್ಳಿ ಅಂತಿದೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಅದೇ ಆಜ್ಞೆಗೆ ಬೇರೆ ಕಾರಣ: ನೀವೇ ಐಗುಪ್ತದಲ್ಲಿ (ಈಜಿಪ್ಟ್) ಗುಲಾಮರಾಗಿದ್ದಿರಿ, ನೆನಪಿರಲಿ, ನಿಮ್ಮ ಗಂಡಾಳು ಹೆಣ್ಣಾಳಿಗೂ ನಿಮ್ಮ ಹಾಗೇ ಬಿಡುವು ಸಿಗಬೇಕು. ಎತ್ತು, ಕತ್ತೆಗೂ. ಆ ಏಳನೇ ದಿನ ಶನಿವಾರವೋ ಭಾನುವಾರವೋ ಅನ್ನುವ ಜಗಳ ನನಗೆ ಬೇಡ. ಗಣಿ ಕೆಲಸದವರನ್ನು ವಾರಕ್ಕೆ ಆರು ದಿನಕ್ಕಿಂತ ಜಾಸ್ತಿ ದುಡಿಸಬಾರದು ಅಂತ 1952ರ ಗಣಿ ಕಾಯ್ದೆಯಲ್ಲೂ ಇತ್ತು. ಭಾನುವಾರ ಅಪ್ಪನ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು. ಎಷ್ಟು ಒಗೆದರೂ ಬೆನ್ನಿನ ಮೇಲೆ ಬೆವರಿನ ಉಪ್ಪಿನ ಬಿಳಿ ಗೆರೆ ಉಳಿದಿರುತ್ತಿತ್ತು.

ಹೋದ ವರ್ಷ ಕೋಲಾರದಲ್ಲಿ ಒಬ್ಬರ ಮನೆಯಲ್ಲಿ ಭಾನುವಾರ ಸಂಜೆ ಕೂಟ. ಸಭೆಯ ಹಿರಿಯರೊಬ್ಬರು ಎಲ್ಲರ ಎದುರು ಅದೇ ಪ್ರಶ್ನೆ ಕೇಳಿದರು. ಅರ್ಧ ಗಂಟೆ ವಾದ ಆಯಿತು. ಆಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಲೋಟ ಇಡಲು ಹಿತ್ತಲಿಗೆ ಹೋದೆ. ಅಲ್ಲಿ ಕೆಲಸದಾಕೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ನಲವತ್ತು ತಟ್ಟೆ ಇದ್ದಿರಬೇಕು. ಬೆರಳ ಸಂದುಗಳು ಸೋಪಿನ ಪುಡಿಗೆ ಬಿರುಕು ಬಿಟ್ಟು ಕೆಂಪಗಾಗಿದ್ದವು. “ನಿಮಗೆ ಯಾವತ್ತು ರಜ ಅಕ್ಕಾ?” ಅಂತ ಕೇಳಿದೆ. “ರಜ ಎಲ್ಲಿಂದ ಬಂತಮ್ಮಾ? ಭಾನುವಾರವೇ ಕೆಲಸ ಜಾಸ್ತಿ. ಕೂಟ ಇರುತ್ತಲ್ವಾ” ಅಂದಳು.

ಒಳಗೆ ಬಂದು ಹಿರಿಯರನ್ನು ಕೇಳಿದೆ: “ಅಣ್ಣಾ, ಆರು ದಿನ ಅಕ್ಷರಶಃ ಅಂದಿರಿ. ಏಳನೇ ದಿನ? ಹೆಣ್ಣಾಳಿಗೂ ಬಿಡುವು ಅಂತಿದೆಯಲ್ಲ, ಅದು?” ಅವರು ಅನುಮಾನವೇ ಇಲ್ಲದೆ ಹೇಳಿದರು: “ಅದು ಹಳೆ ಒಡಂಬಡಿಕೆ ಟೀಚರಮ್ಮಾ. ಅದರ ಅರ್ಥ ಆತ್ಮೀಕ ವಿಶ್ರಾಂತಿ.”

ನನಗೆ ಮಾತೇ ಹೊರಡಲಿಲ್ಲ. ಯಾರಿಗೂ ಏನೂ ಖರ್ಚಾಗದ ಸಾಲು ಅಕ್ಷರಶಃ. ಒಬ್ಬಳಿಗೆ ರಜ ಕೊಡಬೇಕಾದ ಸಾಲು ಆತ್ಮೀಕ! ಸ್ಟಾಫ್ ರೂಮಿನವರೂ ಇದನ್ನು ಯಾವತ್ತೂ ಕೇಳಿಲ್ಲ. ‘ಏಳನೇ ದಿನವನ್ನು ಅಕ್ಷರಶಃ ತಗೊಳ್ತೀರಾ?’ ಅಂತ ಯಾರಾದರೂ ಕೇಳಲಿ ಅಂತ ನಾನು ಕಾಯುತ್ತಿದ್ದೇನೆ.

ಕೇಳಿದ್ದರೆ ಹೋದ ವರ್ಷದವರೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಮನೆಗೆ ಬರುವ ಅಕ್ಕನೂ ಭಾನುವಾರ ಬರುತ್ತಿದ್ದರು. ನಾನು ಚರ್ಚಿನಿಂದ ಬರುವ ಹೊತ್ತಿಗೆ ಸಿಂಕ್ ಖಾಲಿ ಇರುತ್ತಿತ್ತು. ಅಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಗಣಿ ಕೆಲಸದವರ ಮಗಳಾಗಿ. ಆ ಕೂಟ ಆದ ಮರುವಾರದಿಂದ ಭಾನುವಾರ ಬರಬೇಡಿ, ಸಂಬಳ ಹಾಗೇ ಇರುತ್ತೆ ಅಂದೆ. ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮೊದಲ ರಜ ಮುಗಿಸಿ ಸೋಮವಾರ ಬಂದವರು ಪೊರಕೆ ಕೈಲಿ ಹಿಡಿದುಕೊಂಡೇ ಹೇಳಿದರು: “ನಿನ್ನೆ ಮಧ್ಯಾಹ್ನ ಸುಮ್ನೆ ಮಲಗಿಬಿಟ್ಟೆ ಕಣಮ್ಮಾ. ಎದ್ದಾಗ ಸಾಯಂಕಾಲವೋ ಬೆಳಗ್ಗೆಯೋ ಗೊತ್ತೇ ಆಗಲಿಲ್ಲ.”