ಮೆಕ್‌ಲಾರೆನ್ ಚೌಕಳಿ

ನವೆಂಬರ್ 7, ಗುರುವಾರ ರಾತ್ರಿ

ಸುಸ್ತು, ಮನೇಲೇ ಇರಿ ಅಂದರೆ ದೊಡ್ಡಪ್ಪ ಕೇಳುವ ಪೈಕಿಯೇ? ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನಾ ದಿನ, ಧ್ವಜ ಹಾರಿಸಲೇಬೇಕು. ಸ್ಕಾರ್ಫಿಗೆ ಇಸ್ತ್ರಿ ಹಾಕುತ್ತಿದ್ದಾಗ ಪುಟ್ಟಿ, "ಹಿಂದುಗಡೆ ಯಾಕೆ ತೇಪೆ? ಹರಿದಿತ್ತಾ?" ಅಂದಳು.

ದೊಡ್ಡಪ್ಪ ಕಥೆ ಶುರುಮಾಡಲು ಅಷ್ಟು ಸಾಕಾಯಿತು. ಉಪ್ಪಿಟ್ಟು ಆರಿ ಗಟ್ಟಿಯಾಯಿತು.

ಅದು ಮೆಕ್‌ಲಾರೆನ್ ಮನೆತನದ ಟಾರ್ಟನ್, ಅಂದರೆ ಸ್ಕಾಟ್ಲೆಂಡಿನ ಕುಲಗಳ ಗುರುತಿನ ಚೌಕಳಿ ಬಟ್ಟೆ. ಸ್ಕೌಟ್ ಮಾಸ್ತರರ ತರಬೇತಿಗೆ ಜಾಗವಿಲ್ಲದಿದ್ದಾಗ, ಸ್ಕಾಟ್ಲೆಂಡಿನ ರೋಸ್ನೀತ್‌ನ ಸ್ಕೌಟ್ ಕಮಿಷನರ್ ವಿಲಿಯಂ ಡಿ ಬಾಯ್ಸ್ ಮೆಕ್‌ಲಾರೆನ್ 7,000 ಪೌಂಡ್ ಕೊಟ್ಟು ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕ್ ಕೊಡಿಸಿದರು. ಮನೆ ಪಾಳುಬಿದ್ದಿತ್ತು, ರಿಪೇರಿಗೆಂದು ಮತ್ತೆ 3,000. 1919ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಮೊದಲ ವುಡ್ ಬ್ಯಾಡ್ಜ್ ಶಿಬಿರ, ಅಂದರೆ ಸ್ಕೌಟ್ ಮಾಸ್ತರರ ಉನ್ನತ ತರಬೇತಿ. ಆ ಋಣಕ್ಕೆ, ತರಬೇತಿ ಮುಗಿಸಿದವರ ಇಡೀ ಸ್ಕಾರ್ಫನ್ನೇ ಟಾರ್ಟನ್‌ನಲ್ಲಿ ಮಾಡಲು ಹೊರಟರಂತೆ. ದುಬಾರಿ ಆಯಿತು, ಹಿಂದುಗಡೆ ಒಂದು ತುಂಡಿಗೆ ಇಳಿಸಿದರು. ಇಂಥ ಸಮಿತಿ ನಿರ್ಧಾರ ನಮ್ಮೂರಲ್ಲೂ ಕಂಡಿದ್ದೇನೆ!

"ಮ್ಯಾಕ್ ಅಂದರೆ ಮಗ. ಲಾರೆನ್ಸನ ಮಕ್ಕಳು ಮೆಕ್‌ಲಾರೆನ್. ಹೈಲ್ಯಾಂಡ್ಸ್‌ನಲ್ಲಿ (ಸ್ಕಾಟ್ಲೆಂಡಿನ ಬೆಟ್ಟಸೀಮೆ) ಮೊದಲು ನಮ್ಮ ಇನಿಷಿಯಲ್ ಥರಾನೇ, ಅಪ್ಪ ಬದಲಾದರೆ ಹೆಸರೂ ಬದಲು. ಆಮೇಲೆ ಯಾವನೋ ಒಬ್ಬ ಮುತ್ತಜ್ಜನ ಹತ್ತಿರ ನಿಂತುಬಿಡ್ತು" ಅಂದರು ದೊಡ್ಡಪ್ಪ. 1907ರಲ್ಲಿ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ ಜೊತೆಗಿದ್ದ ಕೆನೆತ್ ಮೆಕ್‌ಲಾರೆನ್ ಬೇರೆಯವರು, ಸೇನೆಯ ಹಳೇ ಗೆಳೆಯ. ಇಬ್ಬರನ್ನೂ ಬೆರೆಸಿ ಪಾಠ ಮಾಡುವವರನ್ನು ಕಂಡರೆ ದೊಡ್ಡಪ್ಪನಿಗೆ ಆಗುವುದಿಲ್ಲ.

ಪುಟ್ಟಿ ಸುಮ್ಮನಿರಬೇಕಲ್ಲ. "ಸ್ಕೌಟ್ಸ್ ಬೆಂಗಳೂರಿಗೆ ಯಾವಾಗ ಬಂತು?"

"1909. ಕ್ಯಾಪ್ಟನ್ ಬೇಕರ್. ದೇಶದಲ್ಲೇ ಮೊದಲು." ಹೆಮ್ಮೆಯಿಂದಲೇ ಶುರುಮಾಡಿದರು. ಆಮೇಲೆ ದನಿ ತಗ್ಗಿಸಿ, "ನಮ್ಮ ಹುಡುಗರನ್ನ ಸೇರಿಸ್ಕೊಳ್ಳಲಿಲ್ಲ" ಅಂದರು. ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ. ಭಾರತೀಯ ಹುಡುಗರಿಗೆಂದೇ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸಂಘ ಕಟ್ಟಬೇಕಾಯಿತು, 1916ರಲ್ಲಿ.

ನನಗೆ ಸಿಟ್ಟೇ ಬಂತು. ಸೇರಿಸಿಕೊಳ್ಳದವರ ಕುಲದ ಗುರುತು ನಮ್ಮ ದೊಡ್ಡಪ್ಪನ ಬೆನ್ನ ಮೇಲೆ ಯಾಕೆ? ಕೇಳಿಯೂಬಿಟ್ಟೆ. "ದುಡ್ಡು ಕೊಟ್ಟವನು ಬೇರೆ, ಬಾಗಿಲು ಹಾಕಿದವರು ಬೇರೆ ಕಣೋ" ಎಂದು ಸ್ಕಾರ್ಫನ್ನು ಕುತ್ತಿಗೆಯ ಬಳಿ ಹಿಡಿದಿಡುವ ವಾಗಲ್ ಬಳೆ ಸರಿಮಾಡಿಕೊಂಡು ಹೊರಟರು. ಒಪ್ಪುವುದೋ ಬಿಡುವುದೋ, ಇನ್ನೂ ತೀರ್ಮಾನವಾಗಿಲ್ಲ.

ಸಂಜೆ ದೊಡ್ಡಪ್ಪನ ರಕ್ತದೊತ್ತಡ 170. ನಾಳೆ ಇಸಿಜಿ. ಅಲ್ಲ, ಹಾಗಾದರೆ ಬಾಗಿಲು ಹಾಕಿದ್ದು ಗೊತ್ತಿದ್ದೂ ಕೊಟ್ಟವರನ್ನ ಏನನ್ನಬೇಕು, ಅಥವಾ ಅವರಿಗೆ