ಕೃಷಿ ಹೊಂಡದ ಮೀನು ಮತ್ತು ನೀರಿನ ಉಪ್ಪು: ಫೆಬ್ರವರಿಯಿಂದ ಆಗಸ್ಟ್‌ವರೆಗಿನ ಟಿಪ್ಪಣಿ

ಫೆಬ್ರವರಿ

ಮುಳಬಾಗಿಲು ತಾಲ್ಲೂಕಿನ ನಮ್ಮ ಹೊಲದ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆಯ ಬಲಿತ ಮರಿಗಳನ್ನು ಚದರ ಮೀಟರಿಗೆ ಒಂದರ ಲೆಕ್ಕದಲ್ಲಿ ಬಿಟ್ಟಿದ್ದೇವೆ. ಹೊಂಡ ತುಂಬಿದಾಗ ನೀರಿನ ಮೇಲ್ಮೈ 900 ಚದರ ಮೀಟರ್, ಆಳ ಎರಡು ಮೀಟರ್. ಬದಿಗಳು ಇಳಿಜಾರಾಗಿರುವುದರಿಂದ ಹಿಡಿಯುವ ನೀರು ಸುಮಾರು 15 ಲಕ್ಷ ಲೀಟರ್. ತಳಕ್ಕೂ ಬದಿಗಳಿಗೂ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಹನಿ ನೀರೂ ಇಂಗಿ ಹೋಗಬಾರದೆಂಬುದು ಈ ಹಾಳೆಯ ಉದ್ದೇಶ. ಆದರೆ ಕೆರೆಯ ನೀರು ನೆಲಕ್ಕೆ ಇಂಗುವಾಗ ತನ್ನೊಳಗಿನ ಉಪ್ಪನ್ನೂ ಒಂದಿಷ್ಟು ಕೊಂಡೊಯ್ಯುತ್ತದೆ. ಹಾಳೆ ಹಾಸಿದ ಹೊಂಡದಲ್ಲಿ ಉಪ್ಪಿಗೆ ಆ ದಾರಿಯಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಈ ಟಿಪ್ಪಣಿಯನ್ನು ಬರೆದಿಡಲು ಇದೇ ಕಾರಣ.

ನಮ್ಮ ಕೊಳವೆ ಬಾವಿಯ ನೀರಿನ ವಿದ್ಯುತ್ ವಾಹಕತೆ, ಅಂದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆಯುವ ಇ.ಸಿ., ಸೆಂಟಿಮೀಟರಿಗೆ 1400 ಮೈಕ್ರೋಸೀಮೆನ್ಸ್. ಲೀಟರಿಗೆ ಸುಮಾರು 900 ಮಿಲಿಗ್ರಾಂ ಕರಗಿದ ಲವಣವೆಂದು ಇದನ್ನು ಎಣಿಸಬಹುದು. ಕರಗಿದ ಲವಣದ ಲೆಕ್ಕ ತೋರಿಸುವ ಅಗ್ಗದ ಟಿಡಿಎಸ್ ಮೀಟರುಗಳು ಅಳೆಯುವುದೂ ವಾಹಕತೆಯನ್ನೇ. ಅದನ್ನು ಒಂದೊಂದು ಕಂಪನಿ ಒಂದೊಂದು ಅಂಕಿಯಿಂದ ಗುಣಿಸಿ ತೋರಿಸುವುದರಿಂದ ಇಬ್ಬರು ರೈತರ ಮೀಟರುಗಳು ಒಂದೇ ನೀರಿಗೆ ಬೇರೆ ಬೇರೆ ಲೆಕ್ಕ ಹೇಳುತ್ತವೆ. ಹಾಗಾಗಿ ಪುಸ್ತಕದಲ್ಲಿ ಇ.ಸಿ.ಯನ್ನು ಮಾತ್ರ ಬರೆಯುತ್ತಿದ್ದೇನೆ. ಫೆಬ್ರವರಿಯ ನಡುವೆ ಹೊಂಡದ ನೀರು 1480 ಇತ್ತು.

ಮಾರ್ಚ್, ಏಪ್ರಿಲ್

ಬೇಸಿಗೆಯಲ್ಲಿ ದಿನಕ್ಕೆ ಏಳು ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆಂದು ಹಿಡಿದರೆ ನಮ್ಮ ಹೊಂಡದಿಂದ ದಿನವೂ 6300 ಲೀಟರ್ ಹೋಗುತ್ತದೆ. ಆ ನಷ್ಟವನ್ನು ಕೊಳವೆ ಬಾವಿಯಿಂದ ತುಂಬಿದಾಗ ಐದೂವರೆ ಕಿಲೋಗಿಂತ ಹೆಚ್ಚು ಲವಣ ಹೊಂಡಕ್ಕೆ ಸೇರುತ್ತದೆ. ನೀರಿನ ಮಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಹೀಗೆ ಹೊಸ ನೀರು ತುಂಬಿದರೆ ಉಪ್ಪು ತೆಳುವಾಗುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನೀರು ಹೊರಹೋಗದ ಹೊಂಡದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ.

ಈ ಲೆಕ್ಕದಂತೆ ಏಪ್ರಿಲ್ ಕೊನೆಗೆ ಇ.ಸಿ. 1950ರ ಹತ್ತಿರ ಬರಬೇಕಿತ್ತು, ಬಂದದ್ದು 1790. ಉಳಿದದ್ದು ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಹಾಳೆಯ ಮೇಲೆಯೇ ಇತ್ತು. ನೀರಿನ ಅಂಚಿನುದ್ದಕ್ಕೂ ಕಪ್ಪು ಹಾಳೆಗೆ ಬಿಳಿಯ, ಒರಟಾದ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದು ಅದರ ಮೇಲೆ ನಿಂಬೆರಸ ಹಿಂಡಿದಾಗ ಸಣ್ಣ ಗುಳ್ಳೆಗಳೆದ್ದು ನೊರೆಯಾಯಿತು. ಅದು ಸುಣ್ಣದ ಅಂಶ, ಕ್ಯಾಲ್ಸಿಯಂ ಕಾರ್ಬೋನೇಟ್. ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಏರುತ್ತದೆ, ಗಡಸು ನೀರಿನ ಸುಣ್ಣ ಕರಗಿರಲಾರದೆ ಹೀಗೆ ಕೂರುತ್ತದೆ.

ಉಪ್ಪು ಕಡಿಮೆಯಾಯಿತೆಂದು ಇಲ್ಲಿ ಸಮಾಧಾನಪಡುವಂತಿಲ್ಲ. ಕ್ಯಾಲ್ಸಿಯಂ ತಳಕ್ಕಿಳಿದಂತೆ ನೀರಿನಲ್ಲಿ ಸೋಡಿಯಂನ ಪಾಲು ಹೆಚ್ಚುತ್ತದೆ. ಸೋಡಿಯಂ ಹೆಚ್ಚಿರುವ ನೀರನ್ನು ಹೊಲಕ್ಕೆ ಹಾಯಿಸುತ್ತಾ ಹೋದರೆ ಮಣ್ಣಿನ ಕಣಗಳ ಹೊಂದಿಕೆ ಕೆಟ್ಟು ಮೇಲ್ಪದರ ಗಟ್ಟಿಯಾಗುತ್ತದೆ, ನೀರು ಇಳಿಯುವುದಿಲ್ಲ. ಇ.ಸಿ. ಮೀಟರಿಗೆ ಈ ಬದಲಾವಣೆ ಕಾಣುವುದಿಲ್ಲ, ಪ್ರಯೋಗಾಲಯಕ್ಕೆ ನೀರು ಕೊಟ್ಟೇ ತಿಳಿಯಬೇಕು.

ಇಷ್ಟು ಉಪ್ಪು ಮೀನಿಗೆ ತೊಂದರೆಯೇ ಎಂದು ಕೇಳಿದರೆ, ಅಲ್ಲ. ನಮ್ಮ ಗೆಂಡೆ ಜಾತಿಯ ಮೀನುಗಳು ಲೀಟರಿಗೆ ಎರಡು ಮೂರು ಗ್ರಾಂ ಲವಣವನ್ನು ಕಷ್ಟವಿಲ್ಲದೆ ತಾಳುತ್ತವೆ. ಮೊದಲು ಸೋಲುವುದು ಟೊಮೇಟೊ. ನೀರಾವರಿಯ ಇ.ಸಿ. 1700 ದಾಟಿದ ಮೇಲೆ ಅದರ ಇಳುವರಿ ಇಳಿಯತೊಡಗುತ್ತದೆ, 2300ಕ್ಕೆ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. ಟೊಮೇಟೊವನ್ನೇ ನೆಚ್ಚಿಕೊಂಡ ಈ ಜಿಲ್ಲೆಯಲ್ಲಿ ಮೀನು ಹೊಂಡದ ಉಪ್ಪಿನ ಮಿತಿಯನ್ನು ಮೀನಿಗಿಂತ ಬೆಳೆಯನ್ನು ನೋಡಿಯೇ ಗೊತ್ತುಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೇ

ಮೀನಿಗಾಗಿ ನೀರು ಉಳಿಸಬೇಕೆಂದು ಬೇಸಿಗೆಯಲ್ಲಿ ಹೊಂಡದಿಂದ ನೀರೆತ್ತುವುದನ್ನು ನಿಲ್ಲಿಸುವುದು ವಾಡಿಕೆ. ಈ ತಿಂಗಳು ನಾವು ಅದನ್ನು ಕೈಬಿಟ್ಟೆವು. ಮೊದಲು ಕೊಳವೆ ಬಾವಿಯಿಂದ ನೇರವಾಗಿ ತೆಂಗಿಗೂ ನೇಪಿಯರ್ ಹುಲ್ಲಿಗೂ ಹೋಗುತ್ತಿದ್ದ ನೀರು ಈಗ ಹೊಂಡಕ್ಕೆ ಬಂದು, ಅಲ್ಲಿಂದ ಅವಕ್ಕೆ ಹೋಗುತ್ತದೆ. ದಿನಕ್ಕೆ 11,000 ಲೀಟರಿನಷ್ಟು ಹೊರಗೆ, ಆವಿಯಾದದ್ದೂ ಸೇರಿ 17,000 ಲೀಟರಿಗೂ ಹೆಚ್ಚು ಒಳಗೆ. ಗಂಟೆಗೆ ನಾಲ್ಕೂವರೆ ಸಾವಿರ ಲೀಟರ್ ಕೊಡುವ ನಮ್ಮ ಬಾವಿಗೆ ಇದು ನಾಲ್ಕು ಗಂಟೆಯ ತ್ರೀ ಫೇಸ್ ಕರೆಂಟಿನ ಕೆಲಸ. ಇದೇ ಕ್ರಮದಲ್ಲಿ ನಡೆದರೆ ಬೇಸಿಗೆ ಎಷ್ಟೇ ಉದ್ದವಾದರೂ ಇ.ಸಿ. 2200ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಟೊಮೇಟೊಗೆ ಬೇಕಾದ 1700ರಲ್ಲಿಯೇ ನಿಲ್ಲಿಸಬೇಕೆಂದರೆ ದಿನಕ್ಕೆ 29,000 ಲೀಟರಿಗೂ ಹೆಚ್ಚು ಹೊರಬಿಡಬೇಕಾಗುತ್ತದೆ, ಅದು ನಮ್ಮ ಬಾವಿಯ ಶಕ್ತಿಗೆ ಮೀರಿದ್ದು. ಆದ್ದರಿಂದ ಬೇಸಿಗೆಯಲ್ಲಿ ಹೊಂಡದ ನೀರು ಉಪ್ಪು ತಾಳುವ ತೆಂಗಿಗೆ, ಹುಲ್ಲಿಗೆ. ಟೊಮೇಟೊ ನಾಟಿ ಮಳೆಯ ನಂತರ.

ನೀರನ್ನು ತಳದಿಂದ ಎತ್ತುತ್ತಿದ್ದೇವೆ. ಉಪ್ಪಿನ ಮಟ್ಟಿಗೆ ಮೇಲಿನ ನೀರಿಗೂ ತಳದ ನೀರಿಗೂ ಅಂತಹ ವ್ಯತ್ಯಾಸವಿಲ್ಲ. ಆದರೆ ತಿನ್ನದೆ ಉಳಿದ ತೌಡು, ಕಡಲೆಕಾಯಿ ಹಿಂಡಿ, ಮೀನಿನ ಹಿಕ್ಕೆ ಎಲ್ಲವೂ ಕೊಳೆಯುವುದು ತಳದಲ್ಲಿ, ಅಮೋನಿಯಾ ಹುಟ್ಟುವುದೂ ಅಲ್ಲಿಯೇ. ಇದೇ ತಿಂಗಳು ಮಧ್ಯಾಹ್ನದ ಪಿಎಚ್ 9 ಮುಟ್ಟಿತು. ನೀರು 28 ಡಿಗ್ರಿ ಬಿಸಿಯಿರುವಾಗ ಪಿಎಚ್ 8ರಲ್ಲಿ ಒಟ್ಟು ಅಮೋನಿಯಾದ ನೂರರಲ್ಲಿ ಆರೇಳು ಪಾಲು ಮಾತ್ರ ವಿಷರೂಪದಲ್ಲಿರುತ್ತದೆ, ಪಿಎಚ್ 9ರಲ್ಲಿ ನಲವತ್ತು ದಾಟುತ್ತದೆ. ಮುಂಜಾನೆ ಪರೀಕ್ಷಿಸಿ ಸರಿಯಿದೆ ಎಂದುಕೊಂಡ ನೀರೇ ಮೂರು ಗಂಟೆಯ ಹೊತ್ತಿಗೆ ಮೀನಿನ ಕಿವಿರನ್ನು ಸುಡಬಲ್ಲದು. ಆ ಕಾರಣಕ್ಕೆ ಅಮೋನಿಯಾ ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಬದಲಿಸಿ, ಮೇವನ್ನು ಅರ್ಧಕ್ಕೆ ಇಳಿಸಿದೆವು. ತಿಂಗಳಿಗೊಮ್ಮೆ ಸುಣ್ಣ ಹಾಕಿ ಎಂದು ಹಲವರು ಹೇಳಿದರು. ಹುಳಿ ನೀರಿಗೆ ಅದು ಮದ್ದು, ಪಿಎಚ್ ಆಗಲೇ ಏರಿರುವ ನಮ್ಮ ನೀರಿಗೆ ಅಪಾಯ. ಸುಣ್ಣ ಹಾಕಲಿಲ್ಲ.

ತಿಂಗಳ ಕೊನೆಯಲ್ಲಿ ಇಡೀ ದಿನ ಮೋಡ ಕವಿದಿತ್ತು. ಮರುದಿನ ನಸುಕಿನಲ್ಲಿ ಹೊಂಡದ ಕಡೆ ಹೋಗಿದ್ದ ಅಪ್ಪ, "ಬೇಗ ಬಾರೋ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಅವೆ" ಎಂದು ಕೂಗಿದರು. ಬಿಸಿಲಿಲ್ಲದ ದಿನ ಪಾಚಿ ಆಮ್ಲಜನಕವನ್ನು ಕೊಡುವುದು ಕಡಿಮೆ, ರಾತ್ರಿ ಉಸಿರಾಡುವುದು ಮಾತ್ರ ತಪ್ಪದು. ಪೈಪಿನ ಬಾಯಿಯನ್ನು ಎತ್ತರಕ್ಕೆ ಕಟ್ಟಿ, ಹೊಂಡದ ನೀರನ್ನೇ ಎತ್ತಿ ಮಳೆಯಂತೆ ಚಿಮ್ಮಿಸಿದ ಮೇಲೆ ಮೀನುಗಳು ಒಂದೊಂದಾಗಿ ಕೆಳಗಿಳಿದವು, ಯಾವುದೂ ಸಾಯಲಿಲ್ಲ. ಉಪ್ಪು ಹೆಚ್ಚಾದದ್ದರಿಂದಲೇ ಹೀಗಾಯಿತೇ ಎಂದು ಅಪ್ಪ ಕೇಳಿದರು. ಈ ಪ್ರಮಾಣದ ಉಪ್ಪಿನಿಂದ ನೀರು ಹಿಡಿಯುವ ಆಮ್ಲಜನಕ ನೂರಕ್ಕೆ ಒಂದರಷ್ಟು ತಗ್ಗಬಹುದು, ಅಷ್ಟೇ. ನಮ್ಮ ನೆಲ ಸಮುದ್ರಮಟ್ಟದಿಂದ 800 ಮೀಟರಿನಷ್ಟು ಎತ್ತರದಲ್ಲಿರುವುದೇ ಅದಕ್ಕಿಂತ ದೊಡ್ಡ ಕಾರಣ: ಕರಾವಳಿಯ ಕೊಳದಲ್ಲಿ ಕರಗುವುದಕ್ಕಿಂತ ಸುಮಾರು ನೂರಕ್ಕೆ ಒಂಬತ್ತರಷ್ಟು ಕಡಿಮೆ ಆಮ್ಲಜನಕ ಇಲ್ಲಿ ಕರಗುತ್ತದೆ. ಕರಾವಳಿಯ ಅಳತೆ ನೋಡಿ ಇಲ್ಲಿ ಮೀನು ಬಿಡುವವರು ಇದನ್ನು ಗಮನದಲ್ಲಿಡಬೇಕು.

ಮೇ ಕೊನೆಯ ಇ.ಸಿ. 1840. ಏರಿಕೆ ಬಹುಪಾಲು ನಿಂತಿದೆ.

ಜೂನ್‌ನಿಂದ ಆಗಸ್ಟ್

ಹೊಂಡದ ಮೇಲೆಯೇ ಬೀಳುವ ಮಳೆಯಿಂದ ಹೆಚ್ಚೇನೂ ಆಗದು. 50 ಮಿಲಿಮೀಟರ್ ಸುರಿದರೂ ಸೇರುವುದು 45,000 ಲೀಟರ್, ಇರುವ ನೀರಿನ ನೂರಕ್ಕೆ ಮೂರು ಪಾಲು. ಹೊಲದಿಂದ ಹರಿದು ಬರುವ ನೀರೂ ಸೇರಿದರೆ ಮಾತ್ರ ಫಲ ಕಾಣುತ್ತದೆ. ಆ ನೀರು ಹೊಂಡ ಸೇರುವ ಮುನ್ನ ಮಣ್ಣು ತಂಗುವ ಹೂಳು ತೊಟ್ಟಿಯನ್ನು ತೆರವು ಮಾಡಿ, ಅದರೊಳಗೆ ದಪ್ಪ ಜಲ್ಲಿ ಹಾಕಿದೆವು. ಮೊದಲ ಜೋರು ಮಳೆಯ ಕೆಂಪು ನೀರನ್ನು ಹೊರಗೇ ಬಿಟ್ಟು, ಆಮೇಲಿನದನ್ನು ಒಳಗೆ ಬಿಡುತ್ತಿದ್ದೇವೆ. ಹರಿನೀರು ಬರುವ ಮುನ್ಸೂಚನೆಯಿದ್ದಾಗ ತಳದಿಂದ ನೀರು ತೆಗೆದು ಜಾಗ ಮಾಡಿಕೊಳ್ಳುವುದರಿಂದ ಉಪ್ಪಿನ ನೀರು ಹೋಗಿ ಆ ಜಾಗಕ್ಕೆ ಸಿಹಿನೀರು ಬರುತ್ತದೆ.

ಆಗಸ್ಟ್ ಕೊನೆಗೆ ಇ.ಸಿ. 1600ಕ್ಕೆ ಇಳಿದಿದೆ, ಮಧ್ಯಾಹ್ನದ ಪಿಎಚ್ 8.5ರಲ್ಲಿದೆ. ಮೇವನ್ನು ಹಳೆಯ ಪ್ರಮಾಣಕ್ಕೆ ತಂದಿದ್ದೇವೆ. ಸೋಡಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಮೂರನ್ನೂ ಅಳೆಸಲು ಬಾವಿಯದೊಂದು, ಹೊಂಡದ್ದೊಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಸೋಡಿಯಂನ ಪಾಲು ಹೆಚ್ಚಿದ್ದರೆ ಟೊಮೇಟೊ ಸಾಲುಗಳಿಗೆ ಕ್ಯಾಲ್ಸಿಯಂ ಒದಗಿಸುವ ಜಿಪ್ಸಂ ಹಾಕಿದ ನಂತರವೇ ಹೊಂಡದ ನೀರು ಬಿಡುವುದೆಂದು ಅಪ್ಪನೂ ನಾನೂ ಗೊತ್ತುಮಾಡಿಕೊಂಡಿದ್ದೇವೆ.