ಸ್ಟಿಕ್ ಕೆಳಗಿಡು, ಹಾಡು

ಕಾಲೇಜಿಗೆ ಸೇರುವಾಗಲೇ ಡ್ರಮ್ ಮೇಲೆ ನನ್ನ ಕೈ ಚುರುಕಾಗಿತ್ತು. ರೋಲ್, ಪ್ಯಾರಡಿಡಲ್‌ನಂಥ ಸ್ಟಿಕ್ ವರಸೆಗಳೆಲ್ಲ ಸಲೀಸಾಗಿ ಬರುತ್ತಿತ್ತು. ಜಾಜ್ ತಂಡದಲ್ಲಿ ಸೋಲೋ, ಅಂದರೆ ಒಬ್ಬನೇ ನುಡಿಸುವ ಸರದಿ, ಸಿಕ್ಕರೆ ಕೈ ನಿಲ್ಲಿಸುತ್ತಲೇ ಇರಲಿಲ್ಲ. ಒಂದು ಸಂಜೆ ಮೇಷ್ಟ್ರು ಪೂರ್ತಿ ಕೇಳಿ, "ಎಲ್ಲೂ ಉಸಿರೇ ತಗೊಳ್ಳಲಿಲ್ಲವಲ್ಲೋ" ಎಂದರು. ಸ್ಟಿಕ್ ಕೆಳಗಿಡಿಸಿದರು.

ಆಮೇಲೆ ಜಾಜ್ ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್ ಅವರ 'ಬ್ಲೂ 7' ಹಾಕಿದರು. 1956ರ ರೆಕಾರ್ಡಿಂಗ್. ಮೊದಲು ಬೇಸ್ ಒಂದೇ ನಡೆಯುತ್ತದೆ. ನಂತರ ಸ್ಯಾಕ್ಸೋಫೋನ್ ಒಂದು ಸಣ್ಣ ಮಾತು ಆಡಿ ಸುಮ್ಮನಾಗುತ್ತದೆ. "ಅವರು ನಿಲ್ಲಿಸಿದ ಕಡೆ ನೀನೂ ಉಸಿರು ತಗೋ" ಎಂದರು. ಎರಡು ವಾರ ನಾನು ಡ್ರಮ್ ಮುಟ್ಟಲಿಲ್ಲ. ಸ್ಯಾಕ್ಸೋಫೋನ್ ನುಡಿಸಿದ್ದನ್ನೇ ಬರೀ ಹಾಡಿದೆ.

ಹಾಡಿದಾಗಲೇ ಗೊತ್ತಾಗಿದ್ದು, ಸ್ಯಾಕ್ಸ್‌ನವರು ಬಾರ್ (ಇಲ್ಲಿ ನಾಲ್ಕು ಪೆಟ್ಟಿನ ಒಂದು ಸುತ್ತು) ಮುಗಿದ ತಕ್ಷಣ ಮಾತು ಮುಗಿಸುವುದಿಲ್ಲ. ನಾಲ್ಕನೇ ಪೆಟ್ಟು ಕಳೆದ ಮೇಲೆ ಶುರು ಮಾಡಿ, ಮುಂದಿನ ಬಾರ್‌ನ ನಡುವೆ ಎಲ್ಲೋ ಇಳಿಯುತ್ತಾರೆ. ನಾನೋ, ಪ್ರತಿ ನಾಲ್ಕು ಬಾರ್‌ಗೂ ಒಂದನೇ ಪೆಟ್ಟಿನ ಮೇಲೆ ಸಿಂಬಲ್ (ಲೋಹದ ತಟ್ಟೆ) ಹೊಡೆದು ಬೇಲಿ ಹಾಕುತ್ತಿದ್ದೆ.

ಹಾಡಿದ್ದನ್ನು ಡ್ರಮ್ಮಿಗೆ ತರುವುದು ನಿಜಕ್ಕೂ ಕಷ್ಟ. ಸ್ನೇರ್, ಅಂದರೆ ಚುರುಕು ಸದ್ದಿನ ಡ್ರಮ್, ಅದರ ಮೇಲೆ ಬಿದ್ದ ಪೆಟ್ಟು ಅಲ್ಲೇ ಮುಗಿಯುತ್ತದೆ. ಊದುವವರ ಉದ್ದನೆಯ ಸ್ವರಕ್ಕೆ ಏನು ಮಾಡುವುದು? ನಾದ ಉಳಿಯುವ ರೈಡ್ ಸಿಂಬಲ್, ಇಲ್ಲವೇ ಸ್ವಲ್ಪ ಬಿಚ್ಚಿದ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್). ಚುಟುಕು ಸ್ವರಕ್ಕೆ ಸ್ನೇರ್, ತಗ್ಗಿನ ಸ್ವರಕ್ಕೆ ದೊಡ್ಡ ಟಾಮ್ ಡ್ರಮ್. ಎಡಗಾಲು ಮಾತ್ರ ಎರಡು, ನಾಲ್ಕನೇ ಪೆಟ್ಟಿಗೆ ಹೈ-ಹ್ಯಾಟ್ ಮುಚ್ಚುತ್ತಲೇ ಇರಬೇಕು. ಪಿಯಾನೋದಿಂದಲೂ ಕಲಿತೆ. ಅಲ್ಲೊಂದು ಇಲ್ಲೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿ ಸೋಲೋದವರಿಗೆ ಹೂಂಗುಟ್ಟುವ ಆ ಎಡಗೈಯನ್ನು ನನ್ನ ಸ್ನೇರ್‌ಗೆ ತಂದುಕೊಂಡೆ.

ಅದೇ 'ಬ್ಲೂ 7'ನಲ್ಲಿ ಮ್ಯಾಕ್ಸ್ ರೋಚ್ ಅವರ ಡ್ರಮ್ ಸೋಲೋ ಇದೆ. ಅದನ್ನು ಮೇಷ್ಟ್ರು ಕೊನೆಗೆ ಕೇಳಿಸಿದರು. ಒಂದೆರಡು ಸಣ್ಣ ತುಣುಕು ಹಿಡಿದು ತಿರುಗಿಸಿ ಮಗುಚಿ ಕಟ್ಟಿದ್ದು, ನಡುನಡುವೆ ಜಾಗ ಬಿಟ್ಟು. ಎಂಥ ಧೈರ್ಯ ಅಲ್ವಾ! ನನಗೆ ಇವತ್ತಿಗೂ ಅದಕ್ಕಿಂತ ಚೆಂದದ ಡ್ರಮ್ ಸೋಲೋ ಇಲ್ಲ.

ಕೊನೆಯ ವರ್ಷದ ಕಾರ್ಯಕ್ರಮದಲ್ಲಿ ಸ್ಯಾಕ್ಸ್ ನುಡಿಸುವ ಗೆಳತಿಯೂ ನಾನೂ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸಿದೆವು. ಅವಳ ಕೊನೆಯ ಮೂರು ಸ್ವರಗಳನ್ನೇ ಟಾಮ್ ಮೇಲೆ ಹಿಂದಿರುಗಿಸಿದೆ. ಉಳಿದ ಬಾರ್ ಖಾಲಿ ಬಿಟ್ಟೆ. ಎಡಗಾಲಿನ ಹೈ-ಹ್ಯಾಟ್ ಒಂದೇ ಕೇಳುತ್ತಿತ್ತು. ಅವಳು ನನ್ನ ಕಡೆ ತಿರುಗಿ ನಕ್ಕಳು. ಮುಂದಿನ ಸರದಿಯನ್ನು ಅದೇ ಮೂರು ಸ್ವರಗಳಿಂದ ಶುರು ಮಾಡಿದಳು.